ಏಳನೇ ಕಣಿವೆ: ಹತ್ತೊಂಬತ್ತನೇ ಹಾಳೆ

ಮಮತಾ ಪುಸ್ತಕವನ್ನು ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ಎರಡು ಹೆಜ್ಜೆ ಎಡಕ್ಕೆ ಸರಿದಳು. ಸಾಲಲಿಲ್ಲ. ಮಂಡಿಯೂರಿ ಕುಳಿತಳು.

ಎದುರಿಗಿದ್ದ ಚಂದ್ರವಳ್ಳಿಯ ಬಂಡೆ ಪುಟದೊಳಗೆ ಹೋಗಿ ಕುಳಿತುಬಿಟ್ಟಿತು.

ನೆತ್ತಿಯ ಸೀಳು, ಸೀಳಿಗೆ ಕಾಲು ತೂರಿಸಿ ನಿಂತ ಮರ, ಕೆಳಗೆ ಕೆರೆಯ ಅಂಚು. ಒಂದೂ ತಪ್ಪಿಲ್ಲ. ಐವತ್ತು ವರ್ಷದಲ್ಲಿ ಮರ ದಪ್ಪಗಾಗಿತ್ತು, ಅಷ್ಟೇ. ಚಿತ್ರದ ಕೆಳಗೆ ಮಾತ್ರ ಹೀಗೆ ಅಚ್ಚಾಗಿತ್ತು: 'ಆಫ್ರಿಕದ ಮೂರನೇ ಕಣಿವೆ. ಇಲ್ಲಿಂದ ಮುಂದೆ ಹೋದವರು ಯಾರೂ ಮರಳಿಲ್ಲ.'

"ಏನ್ ಕಾಣ್ತು ತಾಯಿ?" ಹಿಂದೆ ಕಲ್ಲಿನ ಮೇಲೆ ಕುಳಿತಿದ್ದ ಅನ್ನಪೂರ್ಣಮ್ಮ ಕೇಳಿದರು.

"ಆಫ್ರಿಕ ಕಾಣ್ತು ಅಮ್ಮ. ಇಲ್ಲೇ ಐತೆ."

ನಕ್ಕು ಹೇಳಬೇಕೆಂದುಕೊಂಡ ಮಾತು. ನಗು ಬರಲಿಲ್ಲ, ಮೈ ಜುಮ್ಮೆಂದಿತು. ಎಂಟು ವರ್ಷದವಳಿದ್ದಾಗ, ಅಣ್ಣನ ಕಟಿಂಗ್ ಮುಗಿಯುವವರೆಗೆ ಚಿತ್ರದುರ್ಗದ ಕ್ಷೌರದಂಗಡಿಯ ಬೆಂಚಿನ ಮೇಲೆ ಕುಳಿತು ಅವಳು ಓದುತ್ತಿದ್ದದ್ದು ಮುಖಪುಟ ಹರಿದ ಇದೇ ಪುಸ್ತಕ. 'ಏಳು ಕಣಿವೆ.' ಯಾವುದೋ ಹಳೆಯ ಇಂಗ್ಲಿಷ್ ಕಾಡಿನ ಕಾದಂಬರಿಯನ್ನು ಕನ್ನಡದ ಚಿತ್ರಕಥೆಯಾಗಿಸಿ ಹೊಳಲ್ಕೆರೆಯ ಸಣ್ಣ ಪ್ರೆಸ್ಸೊಂದು ಆರು ಭಾಗಗಳಲ್ಲಿ ಅಚ್ಚು ಹಾಕಿತ್ತು. ಕಳೆದುಹೋದ ಅಣ್ಣನನ್ನು ಹುಡುಕುತ್ತ ಒಬ್ಬಳೇ ಕಾಡು ಹೊಕ್ಕ ಮಾರ್ಗರೆಟ್, ಓದುಗರ ಬಾಯಲ್ಲಿ ಬರೀ ಮಾರ್ಗಿ. ಆ ಕಾಡು ಭೂಮಿಯ ಇನ್ನೊಂದು ತುದಿಯಲ್ಲಿದೆ ಎಂದೇ ಎಂಟು ವರ್ಷದ ಮಮತಾ ನಂಬಿದ್ದಳು. ಅದು ಅವಳ ಮನೆಯಿಂದ ಮೂರೇ ಕಿಲೋಮೀಟರ್ ದೂರದಲ್ಲಿತ್ತು.

ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು, ಈಗ ಖಾಸಗಿಯಾಗಿ ಪತ್ತೆ ಕೆಲಸ ಮಾಡುವ ಮಮತಾಳ ಮುಂದೆ ಅನ್ನಪೂರ್ಣಮ್ಮ ವಾರದ ಹಿಂದೆ ಇಟ್ಟದ್ದು ಒಂದೇ ಪ್ರಶ್ನೆ. ಎಂದೂ ಅಚ್ಚಾಗದ ಏಳನೇ ಭಾಗದ ಮೂಲಚಿತ್ರಗಳು ಹಳೇ ಟ್ರಂಕಿನಲ್ಲಿ ಸಿಕ್ಕಿವೆ ಎಂದು ಪ್ರೆಸ್ಸಿನ ಜಂಬಣ್ಣ ಹೇಳುತ್ತಿದ್ದಾರೆ. ಅವು ನಿಜವಾಗಿ ತನ್ನ ಗಂಡ ಬರೆದವೇ?

ಆರೂ ಭಾಗಗಳ ಮೇಲೆ ಇದ್ದ ಹೆಸರು ಅವರ ಗಂಡನದು: ಹನುಮಂತಪ್ಪ. ಮಾರಿಕಣಿವೆ ಅಣೆಕಟ್ಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟರು. ೧೯೭೬ರಲ್ಲಿ ಮಾರಿಕಣಿವೆಯ ನೀರಲ್ಲಿ ಮುಳುಗಿ ತೀರಿಕೊಂಡರು. ಆಗ ಅನ್ನಪೂರ್ಣಮ್ಮನಿಗೆ ಇಪ್ಪತ್ತೆರಡು ವರ್ಷ, ಮದುವೆಯಾಗಿ ಎರಡು. ಏಳನೇ ಭಾಗ ಅಚ್ಚು ಹಾಕಲು ಈಗ ವಾರಸುದಾರರ ಸಹಿ ಬೇಕು.

"ಅವ್ರದ್ದೇ ಆದ್ರೆ ಕಣ್ಣಿಗೆ ಒತ್ತಿಕೊಂಡು ಸಹಿ ಹಾಕ್ತೀನಿ," ಅಂದಿದ್ದರು ಅನ್ನಪೂರ್ಣಮ್ಮ. "ಬೇರೆ ಯಾರೋ ಬರೆದು ಅವರ ಹೆಸರು ಹಚ್ಚಿದ್ರೆ, ಪ್ರಾಣ ಹೋದ್ರೂ ಹಾಕಲ್ಲ."

ಮಮತಾಳಿಗೆ ಮೊದಲು ಅನುಮಾನ ಬಂದದ್ದು ಜಂಬಣ್ಣನ ತಂಗಿಯ ಮಗ, ಹೊಸದುರ್ಗದ ಡ್ರಾಯಿಂಗ್ ಮೇಷ್ಟರು ನಾಗಭೂಷಣನ ಮೇಲೆ. ನಿನ್ನೆ ಅವನ ಶಾಲೆಗೇ ಹೋಗಿ ಹಾಳೆಯೊಂದನ್ನು ಮುಂದಿಟ್ಟಳು. ಅವನು ಕನ್ನಡಕ ಏರಿಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಮೇಡಂ, ಮೂವತ್ತು ವರ್ಷದಿಂದ ಮಕ್ಕಳಿಗೆ ಚಿತ್ರ ಕಲಿಸ್ತಿದೀನಿ," ಅಂದ ಕೊನೆಗೆ. "ಈ ಹುಲ್ಲಿನ ಎಸಳು ನೋಡ್ರಿ. ಒಂದೇ ಎಳೆತ. ಇನ್ನೂ ಮೂವತ್ತು ವರ್ಷ ಗುದ್ದಾಡಿದ್ರೂ ನನ್ನ ಕೈಲಿ ಇದು ಆಗಲ್ಲ."

ಸುಳ್ಳು ಹೇಳುವವನು ತನ್ನ ಕೈಯನ್ನು ಅಷ್ಟು ಹಗುರ ಮಾಡಿಕೊಳ್ಳುವುದಿಲ್ಲ. ಮಮತಾ ಅವನ ಹೆಸರನ್ನು ಹೊಡೆದುಹಾಕಿದ್ದಳು.

"ಏಳ್ರಿ ಅಮ್ಮ, ಹೋಗಾಣ," ಅಂದಳು ಈಗ, ಮಂಡಿಯ ಮಣ್ಣು ಕೊಡವುತ್ತ. "ಮೂರನೇ ಕಣಿವೆ ಇಲ್ಲಿ ಐತೆ ಅಂದ್ಮೇಲೆ ಏಳನೇದೂ ಎಲ್ಲೋ ಇರ್ಬೇಕು."

*

ಜಂಬಣ್ಣ ನೋಡಲೆಂದು ಅನ್ನಪೂರ್ಣಮ್ಮನ ಕೈಗೆ ಕೊಟ್ಟಿದ್ದದ್ದು ಮೂರು ಹಾಳೆ. ಅದರಲ್ಲಿ ಹತ್ತೊಂಬತ್ತನೆಯದನ್ನು ನೋಡಿದವರು ಉಸಿರು ಬಿಗಿಹಿಡಿಯುತ್ತಿದ್ದರು. ಹಾಳೆಯ ತುಂಬ ನೀರು. ಕಲ್ಲಿನ ಮೆಟ್ಟಿಲುಗಳ ಮೇಲೆ ಬೆಳ್ಳಗೆ ಮುರಿದು ಬೀಳುವ ನೀರು, ಅದರ ನಡುವೆ ಬಾಗಿ ನಿಂತ ಒಂಟಿ ಮರ, ಮರದ ಕೊಂಬೆ ಅಪ್ಪಿಕೊಂಡ ಮಾರ್ಗಿ.

ಮಾರಿಕಣಿವೆಯ ಕೋಡಿಯ ಹತ್ತಿರ ಕಾರು ನಿಂತಾಗ ಮಧ್ಯಾಹ್ನ. ಅಣೆಕಟ್ಟೆಯ ನೀರಿನ ಮಟ್ಟ ನೋಡುವ ನೌಕರ ಹನುಮೇಶ್ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದ. ಅವನ ಮುಖದಲ್ಲಿ ಭಕ್ತಿಯಂಥದ್ದೇನೋ ಕಾಣಿಸಿಕೊಂಡಿತು.

"ಇದು ನಮ್ಮ ಕೋಡಿನೇ ಮೇಡಂ! ಕೋಡಿ ಬಿದ್ದಾಗ ಹಿಂಗೇ ಇತ್ತು."

"ಯಾವಾಗ ಬಿದ್ದಿದ್ದು?"

"ಮೂವತ್ಮೂರನೇ ಇಸವಿಯಾಗೆ ಒಂದ್ಸಲ ಬಿದ್ದಿತ್ತಂತೆ, ನಮ್ಮ ಮುತ್ತಾತನ ಕಾಲಕ್ಕೆ. ಆಮೇಲೆ ಬಿದ್ದಿದ್ದು ಎರಡು ಸಾವಿರದ ಇಪ್ಪತ್ತೆರಡರಾಗೆ. ನಡುವೆ ಎಂಬತ್ತೊಂಬತ್ತು ವರ್ಷ ಇಲ್ಲಿ ಒಂದು ಹನಿ ಹರಿದಿಲ್ಲ."

ಮಮತಾಳ ಬೆನ್ನು ನೆಟ್ಟಗಾಯಿತು. ಹನುಮಂತಪ್ಪ ಹುಟ್ಟಿದ್ದು ನಲವತ್ತೆಂಟರಲ್ಲಿ, ಸತ್ತದ್ದು ಎಪ್ಪತ್ತಾರರಲ್ಲಿ.

"ನೋಡ್ದೇ ಇದ್ರೂ ಮನಸ್ಸಿನಾಗೆ ಕಟ್ಕೊಂಡು ಬರೀಬೌದಲ್ವಾ?"

"ನೀರು ಬರೀಬೌದು ಮೇಡಂ. ಈ ಮರ ಹೆಂಗೆ ಬರೀತಾರೆ?" ಹನುಮೇಶ್ ಚಿತ್ರಕ್ಕೆ ತಾಗದಂತೆ ಬೆರಳು ತೋರಿಸಿದ. "ಇದು ಜಾಲಿಮರ. ಕೋಡಿ ಒಣಗಿ ಬಿದ್ದಿತ್ತಲ್ಲ, ಮಧ್ಯದಾಗೇ ಬೆಳಕಂಡಿತ್ತು. ನಾನು ಡ್ಯೂಟಿಗೆ ಸೇರಿದಾಗ ನನ್ನ ಸೊಂಟದುದ್ದ. ನೀರು ಬಿದ್ದ ಮೂರನೇ ದಿನಕ್ಕೆ ಬೇರು ಸಮೇತ ಕೊಚ್ಕಂಡು ಹೋತು."

ಅವನ ಫೋನಿನಲ್ಲಿ ಫೋಟೋ ಇತ್ತು. ಮಮತಾ ಅದನ್ನು ಹಾಳೆಯ ಪಕ್ಕ ಹಿಡಿದಳು. ಎಡಕ್ಕೆ ಬಾಗಿದ ಕಾಂಡ, ಕವಲೊಡೆದ ಮೂರು ಕೊಂಬೆ, ಒಂದು ಕೊಂಬೆಯ ತುದಿ ಮುರಿದು ಜೋತುಬಿದ್ದದ್ದು. ಅಚ್ಚು ಹೊಯ್ದಂತಿತ್ತು.

ಈ ಹಾಳೆ ಬರೆದವರು ಮೂರು ವರ್ಷದ ಕೆಳಗೆ, ಆ ಮೂರು ದಿನದೊಳಗೆ, ಇದೇ ಜಾಗದಲ್ಲಿ ನಿಂತಿದ್ದರು.

"ಹಂಗಾದ್ರೆ ಕಳ್ಳ ಚಿತ್ರ," ಅಂದರು ಅನ್ನಪೂರ್ಣಮ್ಮ. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ಮಮತಾ ಕಾರಿನ ಹಿಂದಿನ ಸೀಟಿನಿಂದ ಅನ್ನಪೂರ್ಣಮ್ಮ ಅಷ್ಟು ವರ್ಷ ಗೋಡೆಗೆ ತೂಗುಹಾಕಿದ್ದ, ಕಟ್ಟು ಹಾಕಿಸಿದ ಚಿತ್ರ ತೆಗೆದಳು. ಆರನೇ ಭಾಗದ ಮೂಲಚಿತ್ರ, ೧೯೭೫ರದ್ದು, ಗಾಜಿನ ಹಿಂದೆ ಹಳದಿಯಾಗಿತ್ತು. ಅದರ ಕೆಳ ಮೂಲೆಯಲ್ಲಿ ಮಸಿ ಮೆತ್ತಿದ ಹೆಬ್ಬೆಟ್ಟಿನ ಗುರುತು ಇರುವುದನ್ನು ಅವಳು ಮೊದಲ ದಿನವೇ ನೋಡಿದ್ದಳು. ಹತ್ತೊಂಬತ್ತನೇ ಹಾಳೆಯ ಮೂಲೆಯಲ್ಲೂ ಒಂದಿತ್ತು. ಬರೆದ ಕೈಯಿಂದಲೇ ಹಾಳೆ ಎತ್ತಿಡುವವರ ಅಭ್ಯಾಸ ಅದು.

ಬಾನೆಟ್ಟಿನ ಮೇಲೆ ಎರಡನ್ನೂ ಇಟ್ಟು ಭೂತಗನ್ನಡಿ ಹಿಡಿದಳು. ಬಲಕ್ಕೆ ತಿರುಗಿದ ಸುಳಿ. ಸುಳಿಯನ್ನು ಅಡ್ಡ ಕತ್ತರಿಸಿದ ಹಳೇ ಗಾಯದ ಗೆರೆ. ಗೆರೆ ಕವಲೊಡೆದ ಜಾಗ, ಕೂಡಿದ ಜಾಗ. ಒಂದೊಂದೇ ಎಣಿಸುತ್ತ ಹೋದಳು. ಹನ್ನೊಂದು ಗುರುತೂ ಹೊಂದಿದ ಮೇಲೆ ನಿಲ್ಲಿಸಿದಳು. ಇನ್ನು ಎಣಿಸುವುದು ಬೇಕಿರಲಿಲ್ಲ.

"ಅಮ್ಮ," ಅಂದಳು ಮೆಲ್ಲಗೆ, "ಕಳ್ಳ ಚಿತ್ರ ಅಲ್ಲ. ಎರಡೂ ಒಂದೇ ಕೈ."

ಅನ್ನಪೂರ್ಣಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಕಾರಿನ ಬಾಗಿಲು ಹಿಡಿದುಕೊಂಡರು.

"ಅಂದ್ರೆ ಅವ್ರು... ಬದುಕಿದಾರಾ?"

"ಅವಸರ ಬೇಡ ಅಮ್ಮ. ಅವರ ಬಲಗೈ ಹೆಬ್ಬೆಟ್ಟಿನಾಗೆ ಗಾಯ ಇತ್ತಾ?"

ಅನ್ನಪೂರ್ಣಮ್ಮ ತಮ್ಮ ಹೆಬ್ಬೆಟ್ಟನ್ನೇ ನೋಡಿಕೊಂಡರು. "ನೆನಪಿಲ್ಲ ತಾಯಿ. ಎರಡೇ ವರ್ಷ. ಚಿತ್ರ ಬರೆಯೋದೂ ನೋಡ್ಲಿಲ್ಲ, ಎಲ್ಲ ಹೊರಗಡೆ ಬರೀತೀನಿ ಅನ್ನೋರು. ಗಂಡನ ಹೆಬ್ಬೆಟ್ಟು ನೆನಪಿಲ್ಲ ನಂಗೆ."

ವಾಪಸು ಹೋಗುವಾಗ ಹಿರಿಯೂರಿನ ದಾರಿಯಲ್ಲಿ ಕುರಿಮಂದೆಯೊಂದು ಅಡ್ಡವಾಯಿತು. ಬಿಸಿಲಿಗೆ ಸೋತ ಕುರಿಗಳು ರಸ್ತೆಯಂಚಿನಲ್ಲಿ ಗುಂಪುಗೂಡಿ, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಹೊರಗಿನಿಂದ ನೋಡಿದರೆ ತಲೆಯೇ ಇಲ್ಲದ ಒಂದು ದೊಡ್ಡ ಪ್ರಾಣಿ.

ಮಮತಾ ಬ್ರೇಕ್ ಒತ್ತಿದವಳು ಹಾಗೇ ಕುಳಿತಳು.

ಈ ನಿಲುವನ್ನು ಅವಳು ನೋಡಿದ್ದಳು. ನಾಲ್ಕನೇ ಭಾಗದ ನಡುಪುಟ: ನಡುಹಗಲ ಬಯಲಿನಲ್ಲಿ ಕಾಡೆಮ್ಮೆಗಳ ಹಿಂಡು, ಒಂದರ ಹೊಟ್ಟೆಯಡಿ ಒಂದು ತಲೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಅದನ್ನು ನೋಡಿ, ಕಾಡೆಮ್ಮೆಗಳು ಹೀಗೇ ನಿಲ್ಲುತ್ತವೆ ಎಂದು ಕಲಿತಿದ್ದಳು. ಕಾಡೆಮ್ಮೆ ನೋಡಿದವರು ಬರೆದ ಚಿತ್ರವಲ್ಲ ಅದು. ದಿನವೂ ಕುರಿಗಳನ್ನು ನೋಡಿದವರು ಬರೆದದ್ದು.

"ಅಮ್ಮ, ನಿಮ್ಮ ಯಜಮಾನ್ರು ಕುರಿ ಕಾದೋರಾ?"

"ಅವ್ರಾ?" ಅನ್ನಪೂರ್ಣಮ್ಮನಿಗೆ ಆ ಸ್ಥಿತಿಯಲ್ಲೂ ನಗು ಬಂತು. "ಟಗರು ಎದುರು ಬಂದ್ರೆ ಬೇರೆ ಬೀದಿ ಹಿಡೀತಿದ್ರು."

*

ಮರುದಿನ ಬೆಳಿಗ್ಗೆ ಹೊಳಲ್ಕೆರೆಯಲ್ಲಿ ಜಂಬಣ್ಣ ಮುಚ್ಚಿದ ಪ್ರೆಸ್ಸಿನ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಎಂಬತ್ತೆರಡು ವರ್ಷ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಬರ್ರಿ, ಕುಂತ್ಕಳ್ರಿ. ಅನ್ನಪೂರ್ಣಮ್ಮ, ಸಹಿ ಮಾಡೋ ಮನಸ್ಸಾತಾ?"

ಮಮತಾ ಕೂರಲಿಲ್ಲ. "ಅಜ್ಜಾರೆ, ಈ ಹಾಳೆ ಎಲ್ಲಿ ಸಿಕ್ಕವು?"

"ಹೇಳಿದ್ನಲ್ಲಮ್ಮ. ಟ್ರಂಕಿನಾಗೆ. ಐವತ್ತು ವರ್ಷದಿಂದ ಬಿದ್ದಿದ್ವು."

ಅವಳು ಹನುಮೇಶನ ಫೋಟೋ ತೋರಿಸಿದಳು. ಜಾಲಿಮರದ ಕಥೆ ಹೇಳಿದಳು. ಜಂಬಣ್ಣ ಪೇಪರನ್ನು ನಾಲ್ಕು ಮಡಿಕೆ ಮಡಿಚಿದರು.

"ಕಲಾವಿದರಿಗೆ ಮುಂದಾಗೋದು ಕಾಣ್ತದೆ ಅಂತಾರೆ."

"ಕೊಂಬೆ ಮುರಿಯೋದೂ ಕಾಣ್ತದಾ?"

ಜಂಬಣ್ಣ ಪೇಪರನ್ನು ಮತ್ತೊಂದು ಮಡಿಕೆ ಮಡಿಚಿದರು.

"ಎಪ್ಪತ್ತೈದರ ಹಾಳೆ ಮ್ಯಾಲೂ, ಇದರ ಮ್ಯಾಲೂ ಒಂದೇ ಹೆಬ್ಬೆಟ್ಟು ಐತೆ. ಒಮ್ಮೆ ನಿಮ್ಮ ಕೈ ತೋರಿಸ್ರಿ."

ಜಂಬಣ್ಣ ಬಲಗೈ ಚಾಚಿದರು. ಹೆಬ್ಬೆಟ್ಟು ಸವೆದು ನುಣ್ಣಗಿತ್ತು, ಗಾಯವಿರಲಿಲ್ಲ.

"ನಿಮ್ದಲ್ಲ ಅಂತ ಗೊತ್ತಿತ್ತು," ಅಂದಳು ಮಮತಾ. "ಇದನ್ನ ಬರೆದೋರು ಕುರಿ ಕಾದೋರು. ಬಂಡೆ ಮುಂದೆ ನಿಂತು ಬರೆದಿಲ್ಲ, ನೆಲದ ಮ್ಯಾಲೆ ಕುಂತು ಬರೆದಿದಾರೆ. ಮಂದೆ ಮೇಯೋ ತನಕ ಕುಂತೇ ಇರೋರ ಕಣ್ಣು ಅದು. ಅವರು ಇನ್ನೂ ಬದುಕಿದಾರೆ. ಯಾರು ಅಂತ ನಿಮಗೆ ಗೊತ್ತು. ಈ ತಾಯಿ ನೆನ್ನೆಯಿಂದ ಊಟ ಮಾಡಿಲ್ಲ. ಗಂಡ ಬದುಕಿದಾನೆ ಅಂದ್ಕೊಂಡು ಕುಂತಿದಾರೆ. ಇನ್ನೂ ಒಂದು ದಿನ ಹಂಗೇ ಕೂರಿಸ್ತೀರಾ?"

ಜಂಬಣ್ಣ ಅನ್ನಪೂರ್ಣಮ್ಮನತ್ತ ನೋಡಿದರು. ನೋಡಿ, ತಲೆ ತಗ್ಗಿಸಿದರು.

"ಕಾಳಕ್ಕ," ಅಂದರು. "ಮಾರಿಕಣಿವೆ ಹತ್ರದ ಹಟ್ಟಿಯೋಳು. ಮಂದೆ ಹೊಡ್ಕೊಂಡು ಚಂದ್ರವಳ್ಳಿ ತನಕ ಹೋಗೋಳು. ಆಗ ಹದಿನೇಳು ವರ್ಷದ ಹುಡುಗಿ. ಇದ್ದಲಿನಾಗೆ ಬಂಡೆ ಮ್ಯಾಲೆ ಚಿರತೆ ಬರೆದಿದ್ದಳು. ಹನುಮಂತಪ್ಪ ಅದನ್ನ ನಿಜವಾದ ಚಿರತೆ ಅಂತ ಹೆದರಿ ಓಡಿ ಬಂದಿದ್ದ. ಆಮೇಲೆ ಅವನೇ ಮಸಿ, ಲೇಖನಿ ಕೊಡಿಸಿದ. ಇಂಗ್ಲಿಷ್ ಕಾದಂಬರಿ ಓದಿ ಕನ್ನಡದಾಗೆ ಕಥೆ ಹೇಳೋನು. ಕೇಳ್ಕೊಂಡು ಅವಳು ಬರೆಯೋಳು. ಅವನು ಒಂದು ಗೆರೆನೂ ಎಳೆದೋನಲ್ಲ. ಏಳನೇದನ್ನೂ ಅವಳೇ ತಂದ್ಕೊಟ್ಟಳು, ಟ್ರಂಕಿನ ಮಾತು ಸುಳ್ಳು."

"ಪುಸ್ತಕದ ಮ್ಯಾಲೆ ಅವಳ ಹೆಸರು ಯಾಕಿಲ್ಲ?"

"ಅವನು ಹಾಕ್ರಿ ಅಂದ. ಕುರಿ ಕಾಯೋ ಹುಡುಗಿ ಹೆಸರು ಕಂಡ್ರೆ ಯಾರು ಓದ್ತಾರೆ ಅಂತ ನಾನೇ ಬ್ಯಾಡ ಅಂದೆ." ಜಂಬಣ್ಣನ ದನಿ ಒಡೆಯಿತು. "ನಾನೇ ಅಂದೆ ತಾಯಿ."

ಅನ್ನಪೂರ್ಣಮ್ಮ ಅಳಲಿಲ್ಲ. ಮಡಿಲಲ್ಲಿದ್ದ ಚಿತ್ರದ ಗಾಜನ್ನು ಸೆರಗಿನಿಂದ ಒರೆಸಿದರು. ಒಂದು ರಾತ್ರಿಯ ಮಟ್ಟಿಗೆ ಬದುಕಿ ಬಂದಿದ್ದ ಗಂಡ ಮತ್ತೆ ಹೋಗಿದ್ದ.

"ಆಯಮ್ಮನ್ನ ನೋಡ್ಬೇಕು ನಾನು," ಅಂದರು.

*

ಹಟ್ಟಿಯ ಕೊನೆಯ ಮನೆ. ಅಂಗಳದ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತಿದ್ದ ಹೆಂಗಸು ತಲೆಯೆತ್ತಿದಳು. ಗಟ್ಟಿ ಮೈ, ನರೆತ ಕೂದಲು, ಬೆರಳ ಸಂದಿಯಲ್ಲಿ ಮಸಿ. ಬಲಗೈ ಹೆಬ್ಬೆಟ್ಟಿನ ಮೇಲೆ ಅಡ್ಡ ಗಾಯ.

ಮಮತಾಳಿಗೆ ಏನು ಕೇಳಬೇಕೆಂದು ಬಂದಿದ್ದಳೋ ಮರೆತುಹೋಯಿತು. ಮನೆಯ ಮಣ್ಣುಗೋಡೆ ನೆಲದಿಂದ ಸೂರಿನವರೆಗೆ ಕಾಡಾಗಿತ್ತು. ಬಂಡೆಗಳ ನಡುವೆ ಕರಡಿ, ಹುಲ್ಲಿನಲ್ಲಿ ಅರ್ಧ ಕರಗಿದ ಚಿರತೆ, ತೋಳೆತ್ತಿದ ಮಾರ್ಗಿ. ನಲವತ್ತೈದು ವರ್ಷ ತಲೆಯೊಳಗೆ ಇಟ್ಟುಕೊಂಡಿದ್ದ ಕಾಡು, ಅದನ್ನು ಹುಟ್ಟಿಸಿದ ಕೈ, ಎರಡೂ ಎದುರಿಗಿದ್ದವು. ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟಳು.

"ಕಾಳಕ್ಕ, ನಾನು ಸಣ್ಣೋಳಿದ್ದಾಗ ನಿಮ್ಮ ಮೊಸಳೆಗೆ ಹೆದರಿ ಕೆರೆಗೆ ಕಾಲಿಡ್ತಿರಲಿಲ್ಲ," ಅಂದಳು. ಅದೇ ಮೊದಲ ಮಾತಾಯಿತು. "ಆರೂ ಪುಸ್ತಕದಾಗೆ ಅದು ಪೂರ್ತಿ ಕಾಣೋದೇ ಇಲ್ಲ. ಬರೀ ಎರಡು ಕಣ್ಣು."

ಕಾಳಕ್ಕ ನಕ್ಕಳು. "ಮೊಸಳೆ ನಾನು ನೋಡಿರಲಿಲ್ಲವ್ವ. ಕಪ್ಪೆ ಕಣ್ಣು ನೋಡಿದ್ದೆ, ಅದನ್ನೇ ಬರೆದೆ. ನೋಡದ್ದನ್ನ ಬರೆಯಾಕೆ ಬರಲ್ಲ ನಂಗೆ. ಏಳನೇ ಕಣಿವೆಯಾಗೆ ಆಕಾಶದಿಂದ ನೀರು ಬೀಳ್ತದೆ ಅಂತ ಮೇಷ್ಟ್ರು ಓದಿ ಹೇಳಿದ್ರು. ಅಂಥ ನೀರು ಈ ಸೀಮೆಯಾಗೆ ಎಲ್ಲೈತೆ? ಕಾದೆ. ಕೋಡಿ ಬಿದ್ದ ದಿನ ಕುರಿ ಬಿಟ್ಟು ಓಡಿದೆ. ಮೂರು ದಿನ ಅಲ್ಲೇ ಕುಂತೆ. ಉಳಿದಿದ್ದ ಏಳನೇದನ್ನ ಮುಗಿಸಿದೆ."

ನಲವತ್ತಾರು ವರ್ಷ, ಒಂದು ಚಿತ್ರಕ್ಕೆ ನೀರು ಬರಲೆಂದು ಕಾದವಳು. ಅದನ್ನು ಅವಳು ಮಂದೆಗೆ ನೀರು ಕುಡಿಸಿದೆ ಎಂಬಷ್ಟು ಸಲೀಸಾಗಿ ಹೇಳಿದಳು.

ಅನ್ನಪೂರ್ಣಮ್ಮ ಮುಂದೆ ಬಂದರು. "ನಾನು ಹನುಮಂತಪ್ಪನವರ ಹೆಂಡ್ತಿ."

ಕಾಳಕ್ಕನ ನಗು ಆರಿತು. ಎದ್ದು ನಿಂತಳು. ಒಳಗೆ ಹೋಗಿ, ಕಂಬಳಿಯಲ್ಲಿ ಸುತ್ತಿದ ಒಂದು ಹಾಳೆ ತಂದಳು.

"ಇದು ಪುಸ್ತಕದ್ದಲ್ಲ ಅಕ್ಕ. ಜಂಬಣ್ಣಾರಿಗೆ ತೋರಿಸಿಲ್ಲ. ನಿಮಗೆ ಅಂತಲೇ ಆಗ ಬರೆದಿಟ್ಟಿದ್ದೆ. ಕೊಡೋ ಧೈರ್ಯ ಬರಲಿಲ್ಲ."

ಕಾಡಿರಲಿಲ್ಲ, ಮಾರ್ಗಿಯೂ ಇರಲಿಲ್ಲ. ಒಂದು ಬಸ್ಸು, ಮುಂದಿನ ಫಲಕದ ಮೇಲೆ 'ಹಿರಿಯೂರು'. ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಯುವಕ, ಬರಿಮೈ ಮೇಲೆ ಕಂಬಳಿ ಹೊದ್ದು ಹಿಂದೆ ತಿರುಗಿ ನೋಡುತ್ತಿದ್ದಾನೆ. ಅನ್ನಪೂರ್ಣಮ್ಮನ ಕೈ ತಾನಾಗಿ ಹಾಳೆಯ ಮೇಲಿನ ಆ ಕೆನ್ನೆಗೆ ಹೋಯಿತು.

"ಇದು ಯಾವತ್ತಿಂದು?" ಮಮತಾ ಕೇಳಿದಳು.

"ಅವ್ರು ಮುಳುಗಿದ್ರು ಅಂತ ಊರೆಲ್ಲ ಅಂತಾರಲ್ಲ, ಅದರ ಮರುದಿನ. ಕಂಬಳಿ ನನ್ದೇ."

"ಅಂಗಿ ಎಲ್ಲಿ?"

ಕಾಳಕ್ಕ ಚಿತ್ರದ ಬಲತುದಿ ತೋರಿಸಿದಳು. ಬಸ್ಸಿನಿಂದ ನಾಲ್ಕು ಮಾರು ದೂರದಲ್ಲಿ ಇನ್ನೊಬ್ಬ ನಿಂತಿದ್ದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕಂಕುಳಲ್ಲಿ ಮಡಿಚಿಟ್ಟ ಗೆರೆಗೆರೆಯ ಅಂಗಿ.

"ಬಿಚ್ಚಿ ಜಂಬಣ್ಣಾರ ಕೈಗೆ ಕೊಟ್ರು. ಯಾಕೆ ಅಂತ ನಂಗೆ ಹೇಳಲಿಲ್ಲ."

ಅನ್ನಪೂರ್ಣಮ್ಮ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಎಂಟನೇ ದಿನಕ್ಕೆ ಹೆಣ ತೇಲಿ ಬಂತು," ಅಂದರು, ಯಾರಿಗೂ ಅಲ್ಲ ಎಂಬಂತೆ. "ಮುಖನೆಲ್ಲ ಮೀನು ತಿಂದಿದ್ವು. ಮೈ ಮ್ಯಾಲಿನ ಗೆರೆ ಅಂಗಿ ನೋಡಿ, ಇವನೇ ಹನುಮಂತಪ್ಪ ಅಂತ ಹೇಳಿದ್ದು ಜಂಬಣ್ಣಾರೇ."

ಅಂಗಳದಲ್ಲಿ ಮರಿಯೊಂದು ಕೂಗಿತು.

"ತಾಯಿ," ಅನ್ನಪೂರ್ಣಮ್ಮ ಮಮತಾಳ ತೋಳು ಹಿಡಿದರು, "ನಾನು ನನ್ನ ಕೈಯಾರೆ ಮಣ್ಣು ಹಾಕಿದ್ದು ಯಾರ ಮಗನಿಗೆ?"